ಪಥ್ಯ ಅಂದ ತಪ್ಪಿಗೆ

ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪದಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವಳು ಎಂದು ಹೆಸರು ತೆಗೆದುಕೊಂಡಿದ್ದೇನೆ. ದ್ರವ್ಯರಾಶಿ ಎಂದು ಬರೆಯಬೇಕಾದ ಕಡೆ ತೂಕ ಎಂದು ಬರೆದ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತೇನೆ. ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅರ್ಥವೇ ಕೆಟ್ಟುಹೋಗುತ್ತದೆ ಎಂದು ಭಾಷಣ ಬೇರೆ ಬಿಗಿಯುತ್ತೇನೆ. ಅಂಥ ನಾನು ನನ್ನ ಮನೆಯ ಹೊಸ್ತಿಲಲ್ಲಿ, ಚಪ್ಪಲಿ ಬಿಡುತ್ತಾ ಬಿಡುತ್ತಾ, ಒಂದು ತಪ್ಪು ಪದ ಹೇಳಿದೆ. ಅದಕ್ಕೆ ಕಳೆಯಬೇಕಾದ ಅಂಕಗಳನ್ನು ಯಾರೂ ಕಳೆಯಲಿಲ್ಲ. ಬದಲಿಗೆ ಇನ್ನೊಬ್ಬರ ಲೆಕ್ಕದಲ್ಲಿ ಕಳೆದರು, ನಾನು ನೋಡಿಕೊಂಡು ನಿಂತಿದ್ದೆ.

ಮಗಳಿಗೆ ಆಗ ಆರು ವರ್ಷ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ವಾರದಲ್ಲಿ ಮೂರು ದಿನ ಭೇದಿ. ಜಂತುಹುಳುವಿನ ಮಾತ್ರೆ, ಓಮದ ನೀರು, ದೃಷ್ಟಿ ತೆಗೆಯುವುದು ಎಲ್ಲ ಮುಗಿದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ರಕ್ತ ತೆಗೆದರು, ಬಾಯಿಂದ ಸಣ್ಣ ಕೊಳವೆ ಬಿಟ್ಟು ಕರುಳಿನ ಚೂರು ತೆಗೆದು ನೋಡಿದರು. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಈ ಮಗುವಿನ ಕರುಳಿಗೆ ಆಗುವುದಿಲ್ಲ. ಗೋಧಿ, ಮೈದಾ, ರವೆ ಇವು ಜೀವನಪೂರ್ತಿ ಬೇಡ. ಕರುಳು ನೊಂದಿರುವುದರಿಂದ ಹಾಲು, ಮೊಸರು, ತುಪ್ಪ ಕೂಡ ಸದ್ಯಕ್ಕೆ ಬೇಡ. ಒಂದೂವರೆ ತಿಂಗಳು ಬಿಟ್ಟು ಬನ್ನಿ, ಆಗ ಹಾಲಿನ ವಿಷಯ ನೋಡೋಣ. ಹೊರಡುವಾಗ ಇನ್ನೊಂದು ಮಾತು ಹೇಳಿದರು: ತೂಕ ತುಂಬಾ ಕಡಿಮೆ ಇದೆ, ಬೆಳಗಿನ ತಿಂಡಿಯಲ್ಲಿ ಪ್ರೋಟೀನ್ ಹೆಚ್ಚು ಮಾಡಿ, ಬರೀ ಚಿತ್ರಾನ್ನ ತಿನ್ನಿಸಿ ಸ್ಕೂಲಿಗೆ ಕಳಿಸಬೇಡಿ.

ಗೋಧಿ ಶಾಶ್ವತ, ಹಾಲು ಸದ್ಯಕ್ಕೆ. ಎರಡೇ ಮಾತು. ನನ್ನ ಯಾವ ವಿದ್ಯಾರ್ಥಿಗಾದರೂ ಅರ್ಥವಾಗುತ್ತಿತ್ತು.

ಬಸ್ಸಿನಲ್ಲಿ ಬರುವಾಗ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಮಾಡಿದಳು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅವಳ ಕರುಳಿನ ಯೋಚನೆಯಲ್ಲ. ಜೀವನಪೂರ್ತಿ ಕಾಯಿಲೆ ಎಂಬ ಮಾತು ಗಾವಡಗೆರೆ ಹತ್ತಿರದ ನಮ್ಮ ಊರಿಗೆ ಗೊತ್ತಾದರೆ ಏನಾಗುತ್ತದೆ ಎಂಬುದು. ಹೆಣ್ಣು ಮಗು. ನಾಳೆ ದೊಡ್ಡವಳಾದಾಗ, ಆ ಹುಡುಗಿಗೆ ಏನೋ ಕಾಯಿಲೆಯಂತೆ ಎಂದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಅದರ ಜೊತೆಗೆ ಇನ್ನೂ ಒಂದು ಲೆಕ್ಕಾಚಾರ ಇತ್ತು, ಅದನ್ನೂ ಬಚ್ಚಿಡುವುದಿಲ್ಲ. ಅತ್ತೆಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅವರು ಬೆಟ್ಟದಪುರದ ಕಡೆಯಿಂದ ಬಂದವರು, ಓದು ಬರಹ ಇಲ್ಲ, ಸಹಿ ಹಾಕುವಾಗ ನಾಲಿಗೆ ಕಚ್ಚಿಕೊಳ್ಳುತ್ತಾರೆ. ನಾನು ಕೆ.ಆರ್. ನಗರದ ಕಡೆ ನಾಲೆ ನೀರಿನ ಊರಿನವಳು, ಬಿ.ಎಸ್ಸಿ. ಬಿ.ಎಡ್.

ಮನೆ ತಲುಪಿದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮೊಮ್ಮಗಳ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ ಕೇಳಿದರು.

"ಏನಂದ್ರವ್ವ ಡಾಕ್ಟ್ರು?"

"ಪಥ್ಯ ಹೇಳಿದ್ದಾರೆ ಅತ್ತೆ. ಗೋಧಿ, ಹಾಲು ಎರಡೂ ಬೇಡ ಅಂತೆ. ಒಂದು ಚೂರೂ ಕೊಡಬಾರದು."

"ಎಷ್ಟ್ ದಿನ?"

ನಾನು ಬಗ್ಗಿ ಚಪ್ಪಲಿಯ ಬಕಲ್ ಬಿಚ್ಚುತ್ತಿದ್ದೆ. "ಒಂದೂವರೆ ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ."

"ಅಂದ್ರೆ ಒಂದು ಮಂಡ್ಲ ಅನ್ನು."

"ಹೂಂ, ಹಾಗೇ ಅನ್ಕೊಳ್ಳಿ."

ಅಷ್ಟೇ. ಅವರು ಮುಂದೆ ಏನೂ ಕೇಳಲಿಲ್ಲ. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ನಾನು ನಿರಾಳವಾಗಿ ಒಳಗೆ ಹೋದೆ.

ನಮ್ಮ ಕಡೆ ಪಥ್ಯ ಎಂಬುದಕ್ಕೆ ಒಂದು ಮೊದಲು, ಒಂದು ಕೊನೆ ಇರುತ್ತದೆ. ಕಾಮಾಲೆಗೆ ನಾಟಿ ಔಷಧಿ ಕುಡಿದವರು ಎಣ್ಣೆ, ಉಪ್ಪು ಬಿಟ್ಟು ಇಷ್ಟು ದಿನ ಎಂದು ಇರುತ್ತಾರೆ. ಮಂಡಲ ಎಂದರೆ ನಲವತ್ತೆಂಟು ದಿನ. ಆ ದಿನ ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡು, ಯಾವುದನ್ನು ಬಿಟ್ಟಿದ್ದರೋ ಅದನ್ನೇ ಮೊದಲು ತಿಂದು ಪಥ್ಯ ಮುರಿಯುತ್ತಾರೆ. ಮುರಿಯದೆ ಸುಮ್ಮನೆ ಬಿಟ್ಟರೆ ಔಷಧಿ ಹಿಡಿಯುವುದಿಲ್ಲ ಎಂಬುದು ನಂಬಿಕೆ. ಇದೆಲ್ಲ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಮ್ಮಪ್ಪನೂ ಕಾಮಾಲೆಗೆ ಪಥ್ಯ ಇದ್ದು ಮುರಿದವರೇ. ಆ ಪದ ಹೇಳುವಾಗ ಅದಕ್ಕೊಂದು ಬಾಲ ಇದೆ ಎಂಬುದು ನನಗೆ ನೆನಪಾಗಲಿಲ್ಲ, ಅಥವಾ ನೆನಪಾಗುವುದು ಬೇಕಿರಲಿಲ್ಲ.

ಅಲ್ಲಿಯವರೆಗೆ ನಮ್ಮ ಮನೆಯ ಬೆಳಗಿನ ತಿಂಡಿ ಎಂದರೆ ನನ್ನ ಅವಸರದ ಉಪ್ಪಿಟ್ಟು, ಚಪಾತಿ, ಇಲ್ಲದಿದ್ದರೆ ಬೇಕರಿಯ ಬ್ರೆಡ್ಡು. ಜೊತೆಗೆ ಹಾಲು ಹಾಕಿದ ರಾಗಿ ಮಾಲ್ಟ್. ಮಗಳ ಮಟ್ಟಿಗೆ ಎಲ್ಲವೂ ಒಂದೇ ದಿನ ನಿಂತುಹೋಯಿತು. ಪ್ರೋಟೀನ್ ಎಂದಿದ್ದರಲ್ಲ, ನಾನು ಮೈಸೂರಿನಿಂದಲೇ ಒಂದು ಡಬ್ಬ ಪುಡಿ ತಂದಿದ್ದೆ. ಗೋಧಿ ಇಲ್ಲ, ಹಾಲು ಇಲ್ಲ ಎಂದು ಅದರ ಮೇಲೆ ಬರೆದಿತ್ತು. ಬಿಸಿನೀರಿಗೆ ಕಲಸಿದರೆ ಗೋಡೆಗೆ ಬಳಿಯುವ ಸುಣ್ಣದ ಹಾಗೆ ಆಗುತ್ತಿತ್ತು. ಮಗಳು ಒಂದು ಗುಟುಕು ಕುಡಿದು ಎರಡನೆಯದಕ್ಕೆ ಹಲ್ಲು ಕಚ್ಚಿ ಕುಳಿತಳು. ನಾನು ಮೂಗು ಹಿಡಿದು ಕುಡಿಸಿದೆ. ಅವಳು ಯೂನಿಫಾರಂ ಮೇಲೆ ಕಕ್ಕಿಕೊಂಡಳು. ನಾಲ್ಕು ದಿನ ಇದೇ ರಾಮಾಯಣ.

ಐದನೇ ದಿನ ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು. "ಅದೇನವ್ವ ಪ್ರೋಟೀನು ಅಂದ್ರೆ? ಬೆಳಗೆದ್ದು ತಾಯಿ ಮಗ್ಳು ಅದ್ರ ಮ್ಯಾಲೆ ಕಾದಾಡ್ತೀರ."

ನಾನು ತರಗತಿಯ ದನಿಯಲ್ಲೇ ಹೇಳಿದೆ. ದೇಹದ ಬೆಳವಣಿಗೆಗೆ ಬೇಕಾದ ಅಂಶ, ಮಾಂಸಖಂಡ ಕಟ್ಟುವುದು ಅದೇ, ಕಾಳು, ಮೊಟ್ಟೆ, ಮೀನಿನಲ್ಲಿ ಇರುತ್ತದೆ.

"ಕಾಳು ಮೊಟ್ಟೆ ಅನ್ನು ಮತ್ತೆ. ಅದ್ಕೆ ಡಬ್ಬ ಯಾಕವ್ವ?"

ಮಾರನೇ ದಿನದಿಂದ ಬೆಳಗಿನ ಒಲೆ ಅವರದಾಯಿತು. ಸೊಗಡವರೆ ಬರುವ ಕಾಲ. ಸಂಜೆ ಅವರೆಕಾಳನ್ನು ನೀರಿಗೆ ಹಾಕಿ, ಬೆಳಗ್ಗೆ ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದು, ಆ ಬೇಳೆಯನ್ನು ಅಕ್ಕಿಹಿಟ್ಟಿಗೆ ಸಬ್ಬಸಿಗೆ ಸೊಪ್ಪಿನ ಜೊತೆ ಕಲಸಿ ರೊಟ್ಟಿ ತಟ್ಟುತ್ತಿದ್ದರು. ಹಿಟ್ಟಿಗಿಂತ ಬೇಳೆಯೇ ಹೆಚ್ಚು. ಒಂದು ದಿನ ಹೆಸರುಕಾಳು ರುಬ್ಬಿದ ದೋಸೆ, ಅದರ ಮೇಲೆ ನಾಟಿಕೋಳಿ ಮೊಟ್ಟೆ ಒಡೆದು ಸವರಿದ್ದು. ಶನಿವಾರ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಅವತ್ತು ಮೊಳಕೆ ಹುರುಳಿಯ ಪಲ್ಯ. ರಾಗಿ ಅಂಬಲಿಗೆ ಹಾಲಿನ ಬದಲು, ನೆನೆಸಿದ ಕಡಲೆಕಾಯಿ ಬೀಜ ರುಬ್ಬಿ ಹಿಂಡಿದ ಹಾಲು ಮತ್ತು ಬೆಲ್ಲ. ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಮಗಳು ಬರಿಗೈಯಲ್ಲಿ ನೆಕ್ಕುತ್ತಿದ್ದಳು.

ಕಟ್ಟುನಿಟ್ಟು ಎಂದರೆ ಅವರದು. ಗೋಧಿ ಬೀಸಿದ ಮಿಲ್ಲಿನಲ್ಲಿ ರಾಗಿ ಹಾಕಿಸಿದರೆ ಅಲ್ಪಸ್ವಲ್ಪ ಸೇರಿಕೊಳ್ಳುತ್ತದೆ ಎಂದು ನಾನು ಎಲ್ಲೋ ಓದಿ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ, ಅವರು ಅಟ್ಟದಿಂದ ಹಳೆಯ ಬೀಸೋಕಲ್ಲು ಇಳಿಸಿ ತೊಳೆದು ಇಟ್ಟಿದ್ದರು. "ಆ ಮಿಸಿನ್ಗೆ ಎಲ್ರದ್ದೂ ಸುರೀತಾರೆ ಕಣವ್ವ. ಪಥ್ಯದ್ದು ಬ್ಯಾರೆ ಇರ್ಬೇಕು." ಮಗಳ ಕಾವಲಿಗೆ ಬೇರೆ ಮೊಳೆ, ಅವಳ ಸೌಟಿಗೆ ಬೇರೆ ಗೂಡು. ನನ್ನ ಚಪಾತಿಯ ಲಟ್ಟಣಿಗೆ ಆ ಕಡೆ ಸುಳಿಯುವಂತಿಲ್ಲ. ನಾನು ಬೆರಕೆ ಎಂದು ಹೇಳುವುದನ್ನು ಅವರು ಮಡಿ ಎಂದು ನಡೆಸಿದರು. ನಡೆದದ್ದು ಮಾತ್ರ ನನ್ನದಕ್ಕಿಂತ ಚೆನ್ನಾಗಿ ನಡೆಯಿತು.

ಅತ್ತೆ ಆ ದಿನಗಳಲ್ಲಿ ಹಾಲಿಲ್ಲದ ಟೀ ಕುಡಿಯುತ್ತಿದ್ದರು. ಮನೆಯಲ್ಲಿ ಎರಡು ಹಸು ಹಾಲು ಕೊಡುತ್ತಿದ್ದವು. ದಿನಕ್ಕೆ ಐದು ಸಲ ಗಟ್ಟಿ ಹಾಲಿನ ಟೀ ಕುಡಿಯುತ್ತಿದ್ದವರು ಬೆಲ್ಲದ ಕರಿ ಟೀ ಹಿಡಿದು ಕುಳಿತಿರುವುದನ್ನು ನಾನು ನೋಡಿದ್ದೆ. ಯಾಕೆ ಎಂದು ಕೇಳಲಿಲ್ಲ. ಗಂಡನ ಹತ್ತಿರ ಮಾತ್ರ ಆಡಿಕೊಂಡೆ: "ನಿಮ್ಮಮ್ಮನಿಗೆ ಇನ್ನೂ ಅರ್ಧ ಲೀಟರ್ ಡೈರಿಗೆ ಹಾಕೋ ಆಸೆ ಬಂದಿದೆ." ಅವರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಬೆಂಕಿ ನೋಡಿಕೊಳ್ಳುವ ಗಡಿಬಿಡಿಯಲ್ಲಿದ್ದರು, ಹೂಂ ಅಂದರು. ನಾನು ಸ್ಟಾಫ್ ರೂಮಿನಲ್ಲಿ ದಿನಾ ಹನ್ನೊಂದು ಗಂಟೆಗೆ ಕಾಫಿ ಮತ್ತು ಬೆಣ್ಣೆ ಬನ್ನು ತಿನ್ನುತ್ತಿದ್ದೆ.

ಒಂದು ತಿಂಗಳಾಗುವಷ್ಟರಲ್ಲಿ ಮಗಳ ಕೆನ್ನೆ ತುಂಬಿತು. ಹೊಟ್ಟೆ ಇಳಿಯಿತು. ಸೊಂಟ ತುಂಬಿಕೊಂಡು, ಸ್ಕರ್ಟು ಜಾರದಂತೆ ಹಾಕಿದ್ದ ಪಿನ್ನು ಬೇಡವಾಯಿತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಮತ್ತು ಹಿಂದಿ ಮೇಡಂ ಇಬ್ಬರೂ ನನಗೆ ಹತ್ತಿರದವರು. ಅವರಿಗೆ ಮಾತ್ರ ಕಾಯಿಲೆಯ ಹೆಸರು ಹೇಳಿದ್ದೆ. ಏನು ಮಾಡಿದಿರಿ ಎಂದು ಕೇಳಿದರು. ನಾನು ಒಂದು ಚಾರ್ಟ್ ಬರೆದೆ. ಸೋಮವಾರ ಇದು, ಮಂಗಳವಾರ ಅದು, ಎದುರಿಗೆ ಎಷ್ಟು ಗ್ರಾಂ ಪ್ರೋಟೀನ್ ಎಂಬ ಲೆಕ್ಕ. ಬಣ್ಣದ ಪೆನ್ನಿನಲ್ಲಿ ಗೀಟು. ತಿಂಡಿಗಳೆಲ್ಲ ಅತ್ತೆಯವು, ಗ್ರಾಮುಗಳು ಮಾತ್ರ ನನ್ನವು. "ನಾನೇ ಯೋಚನೆ ಮಾಡಿ ಸೆಟ್ ಮಾಡಿದ್ದು, ಮನೆಯಲ್ಲಿ ಹೇಳಿ ಮಾಡಿಸ್ತೀನಿ" ಎಂದೆ. ಆ ಚಾರ್ಟನ್ನು ಪೌಷ್ಟಿಕ ತಿಂಡಿಯ ಪಟ್ಟಿ ಎಂದು ಪೋಷಕರ ಸಭೆಯಲ್ಲಿ ಓದಿಸಿದರು. ಚಪ್ಪಾಳೆಯೂ ಬಿತ್ತು. ನಮ್ಮ ಮನೆಗೆ ಬಂದು ರುಚಿ ನೋಡಿ, ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಹೋಗೋಣ ಎಂದು ಇಬ್ಬರನ್ನೂ ಕರೆದೆ. ಅತ್ತೆಗೆ ಮುಂಚಿತವಾಗಿ ತಿಳಿಸಲೂ ಇಲ್ಲ. ಮನೆಯಲ್ಲಿ ಏನಾದರೂ ಇದ್ದೇ ಇರುತ್ತದೆ ಎಂಬ ಧೈರ್ಯ.

ಆ ಶನಿವಾರ ನಲವತ್ತೊಂಬತ್ತನೇ ದಿನ. ನಾನು ಎಣಿಸಿರಲಿಲ್ಲ. ಎಣಿಸಿದವರು ಬೇರೆ ಇದ್ದರು.

ಹನ್ನೆರಡರ ಹೊತ್ತಿಗೆ ಮೂವರೂ ಆಟೋದಲ್ಲಿ ಬಂದು ಇಳಿದಾಗ ಮನೆಯ ಮುಂದೆ ರಂಗೋಲಿ ದೊಡ್ಡದಾಗಿತ್ತು. ಬಾಗಿಲಿಗೆ ಮಾವಿನ ಸೊಪ್ಪು. ಯಾವ ಹಬ್ಬ ಎಂದು ನಾನೇ ಯೋಚಿಸಿದೆ. ಒಳಗೆ ಮಗಳು ತಲೆಗೆ ಎಣ್ಣೆ ಹಾಕಿ ನೀರು ಹುಯ್ಯಿಸಿಕೊಂಡು, ಹೊಸ ಲಂಗ ತೊಟ್ಟು, ಮಣೆಯ ಮೇಲೆ ಕುಳಿತಿದ್ದಳು. ಮುಂದೆ ಬಾಳೆಲೆ. ಎಲೆಯ ಮೇಲೆ ಒಬ್ಬಟ್ಟು, ಒಬ್ಬಟ್ಟಿನ ಮೇಲೆ ತುಪ್ಪ, ಪಕ್ಕದ ಬಟ್ಟಲಲ್ಲಿ ಕಾಯಿಸಿದ ಹಾಲು. ಅವಳ ಗಲ್ಲದವರೆಗೂ ತುಪ್ಪ ಇಳಿದಿತ್ತು.

"ಅಮ್ಮ, ಎರಡನೇದು," ಎಂದು ಬೆರಳು ತೋರಿಸಿದಳು.

ನಾನು ಎಲೆಯನ್ನು ಎಳೆದ ರಭಸಕ್ಕೆ ಹಾಲಿನ ಬಟ್ಟಲು ಉರುಳಿತು. ಮಗಳ ಬಾಯಿಗೆ ಬೆರಳು ಹಾಕಿ ಇದ್ದದ್ದನ್ನು ತೆಗೆದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ. ನಾನು ಆಡಿದ ಮಾತುಗಳನ್ನು ಇಲ್ಲಿ ತಿದ್ದಿ ಬರೆಯುವುದಿಲ್ಲ.

"ನಿಮಗೆ ಬುದ್ಧಿ ಇದೆಯಾ? ಮಗುವನ್ನ ಕೊಲ್ಲಬೇಕು ಅಂತ ಮಾಡಿದ್ದೀರಾ? ಒಂದು ಮಾತು ಹೇಳಿದರೆ ತಲೆಗೆ ಹೋಗಲ್ವಾ ನಿಮಗೆ?"

ಅತ್ತೆಯ ಕೈಯಲ್ಲಿ ಒಬ್ಬಟ್ಟು ಮಗುಚುವ ಸಟ್ಟುಗ ಇತ್ತು. ಅವರ ಮುಖದಲ್ಲಿ ಇನ್ನೂ ನಗು ಪೂರ್ತಿ ಹೋಗಿರಲಿಲ್ಲ, ಬಂದ ನೆಂಟರಿಗೆಂದು ತಂದುಕೊಂಡ ನಗು. "ಮಂಡ್ಲ ಮುಗೀತಲ್ಲವ್ವ," ಎಂದರು. "ನೆನ್ನೆಗೆ ನಲ್ವತ್ತೆಂಟು. ಪಥ್ಯ ಮುರ್ದೆ. ನೀನೇ ಅಂದಿದ್ದಲ್ಲ, ಒಂದೂವರೆ ತಿಂಗ್ಳು ಅಂತ."

ಆ ಕ್ಷಣದಲ್ಲಿ ನನಗೆ ಎಲ್ಲ ನೆನಪಾಯಿತು. ಜಗಲಿ, ಅವರೆಕಾಯಿ, ನನ್ನ ಚಪ್ಪಲಿಯ ಬಕಲ್ಲು, ಹೂಂ ಹಾಗೇ ಅನ್ಕೊಳ್ಳಿ ಎಂದ ನನ್ನ ದನಿ. ಒಂದೊಂದು ಅಕ್ಷರವೂ ನೆನಪಾಯಿತು. ಬೆನ್ನ ಹಿಂದೆ ಗಣಿತದ ಮೇಡಂ ಮತ್ತು ಹಿಂದಿ ಮೇಡಂ ನಿಂತಿದ್ದರು. ಪೋಷಕರ ಸಭೆಯಲ್ಲಿ ಚಾರ್ಟ್ ಓದಿದವಳು ನಾನು.

"ನಾನು ಹಾಗೆ ಹೇಳೇ ಇಲ್ಲ," ಎಂದೆ.

ಅತ್ತೆ ನನ್ನನ್ನು ನೋಡಿದರು. ಬಹಳ ಹೊತ್ತೇನೂ ಅಲ್ಲ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಇಬ್ಬರನ್ನೂ ನೋಡಿದರು. ನೋಡಿ, ಸಟ್ಟುಗವನ್ನು ಒಲೆಯ ಪಕ್ಕ ಇಟ್ಟರು.

"ನಂಗೇ ಸರ್ಯಾಗಿ ಕೇಳಿಸ್ಲಿಲ್ಲವೇನೋ ಬುಡವ್ವ. ವಯಸ್ಸಾಯ್ತು, ಕಿವಿ ಮಂದ."

ಅವರ ಕಿವಿ ಮಂದವಲ್ಲ. ಹಿತ್ತಿಲಲ್ಲಿ ಕೋಳಿ ಮೊಟ್ಟೆ ಇಟ್ಟದ್ದು ಪಡಸಾಲೆಯಲ್ಲಿ ಕುಳಿತೇ ಅವರಿಗೆ ಕೇಳುತ್ತದೆ. ನನ್ನ ಮರ್ಯಾದೆ ಉಳಿಸಲು ಅವರು ತಮ್ಮ ಕಿವಿಯನ್ನು ಕೊಟ್ಟರು, ನಾನು ತೆಗೆದುಕೊಂಡೆ.

ಹಿಂದಿ ಮೇಡಂ, "ಹೋಗ್ಲಿ ಬಿಡಿ ಮೇಡಂ, ಹಳ್ಳಿ ಕಡೆ ಹಿರಿಯರು, ಪಾಪ, ಅವರಿಗೇನು ಗೊತ್ತಾಗುತ್ತೆ" ಎಂದು ಸಮಾಧಾನ ಹೇಳಿದರು. ನಾನು ಆ ಸಮಾಧಾನವನ್ನೂ ತೆಗೆದುಕೊಂಡೆ. ಅವರು ಏನೂ ತಿನ್ನದೆ ಅದೇ ಆಟೋದಲ್ಲಿ ವಾಪಸು ಹೋದರು.

ಸಂಜೆಯಿಂದ ಮಗಳಿಗೆ ಹೊಟ್ಟೆನೋವು ಶುರುವಾಯಿತು. ಮೂರು ದಿನ ಭೇದಿ, ಮೇಲೆ ಸುಸ್ತು. ಡಾಕ್ಟರಿಗೆ ಫೋನ್ ಮಾಡಿದಾಗ, ಒಂದು ಸಲ ಆದದ್ದಕ್ಕೆ ಗಾಬರಿಯಾಗಬೇಡಿ, ಇನ್ನು ಮುಂದೆ ಎಚ್ಚರ ವಹಿಸಿ, ಕರುಳು ಸುಧಾರಿಸಲಿ, ಹದಿನೈದು ದಿನ ಬಿಟ್ಟು ಕರೆದುಕೊಂಡು ಬನ್ನಿ ಎಂದರು. ನಾಲ್ಕನೇ ದಿನ ಅವಳು ಎದ್ದು ಕುಳಿತಳು. ಮಗು ಸುಧಾರಿಸಿಕೊಂಡಿತು. ಕೆಟ್ಟದ್ದು ಬೇರೆ.

ಮಗಳು ಎದ್ದ ಬೆಳಗ್ಗೆ ಅತ್ತೆ ಒಲೆಯ ಹತ್ತಿರ ಇರಲಿಲ್ಲ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. "ತಿಂಡಿ?" ಎಂದು ಕೇಳಿದೆ.

"ನೀನೇ ಮಾಡವ್ವ ಇನ್ಮೇಲೆ. ನಂಗೆ ಭಯ ಆಗ್ತದೆ. ತಿಳೀದೆ ಏನಾರ ಕೊಟ್ಬುಟ್ಟೇನು."

ಕೋಪ ಇದ್ದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಅವರಿಗೆ ನಿಜವಾಗಿಯೂ ಭಯವಾಗಿತ್ತು. ಆರು ಮಕ್ಕಳನ್ನು ಹೆತ್ತು ಬೆಳೆಸಿದ ಹೆಂಗಸು ಆರು ವರ್ಷದ ಕೂಸಿಗೆ ಒಂದು ಚೂರು ಬೆಲ್ಲ ಕೊಡುವಾಗಲೂ ನನ್ನ ಮುಖ ನೋಡಿ, "ಕೊಡ್ಲಾ?" ಎಂದು ಕೇಳತೊಡಗಿದರು.

ಚಾರ್ಟ್ ನನ್ನ ಬಳಿ ಇತ್ತು, ಗ್ರಾಂ ಸಮೇತ. ಬೆಳಗ್ಗೆ ಏಳೂವರೆಗೆ ಬಸ್ಸು ಹಿಡಿಯಬೇಕಾದವಳು ಅವರೆಕಾಳು ಹಿತುಕಲು ಕುಳಿತರೆ ಆಗುತ್ತದೆಯೇ? ಸಿಪ್ಪೆಯ ಸಮೇತ ಹಾಕಿದೆ, ರೊಟ್ಟಿ ಒಡೆಯಿತು. ಹೆಸರುಕಾಳು ದೋಸೆ ಕಾವಲಿಗೆ ಹತ್ತಿಕೊಂಡಿತು. ಕಡಲೆಕಾಯಿ ಹಾಲು ಕಮಟು. ಮತ್ತೆ ಡಬ್ಬ ಹೊರಗೆ ಬಂತು. ಮತ್ತೆ ಹಲ್ಲು ಕಚ್ಚುವುದು, ಮೂಗು ಹಿಡಿಯುವುದು. ಹದಿನೈದು ದಿನದ ನಂತರ ಮೈಸೂರಿನಲ್ಲಿ ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಡಾಕ್ಟರು ಹಳೆಯ ಚೀಟಿ ನೋಡಿ, ಮೊದಲ ಸಲ ಬಂದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆಯಲ್ಲ ಎಂದರು. ನಡುವೆ ಏರಿ ಇಳಿದಿದ್ದು ಅವರಿಗೆ ಗೊತ್ತಿಲ್ಲ. ಪಿನ್ನು ಮತ್ತೆ ಸ್ಕರ್ಟಿಗೆ ಬಂದಿತ್ತು. "ಬೆಳಗಿನ ತಿಂಡಿ ಯಾರು ಮಾಡೋದು?" ಎಂದು ಕೇಳಿದರು. "ನಾನೇ" ಎಂದೆ. ಬಹಳ ದಿನಗಳ ಮೇಲೆ ನಾನು ಹೇಳಿದ ಒಂದು ನಿಜ.

ಮಾರನೇ ದಿನ ಭಾನುವಾರ. ಮಗಳ ಮುಂದೆ ಮೊಟ್ಟೆ ದೋಸೆ ಇಟ್ಟುಕೊಂಡು ಗೋಗರೆಯುತ್ತಿದ್ದೆ. ಅವಳು ಎಂದಿನಂತೆ ಹಲ್ಲು ಕಚ್ಚಿದ್ದಳು.

"ಪಥ್ಯ ಇರೋರು ಸರಿಯಾಗಿ ತಿನ್ನಬೇಕು ಪುಟ್ಟ," ಎಂದೆ.

"ಅಜ್ಜಿ ತಿನ್ನಲ್ವಲ್ಲ."

"ಅಜ್ಜಿಗೆ ಯಾಕೆ ಪಥ್ಯ?"

"ಅಜ್ಜಿನೂ ಪಥ್ಯ. ನಾನು ಇದ್ದಷ್ಟು ದಿನ ಅಜ್ಜಿನೂ ಇರ್ಬೇಕಂತೆ. ಕೈತುತ್ತು ಕೊಡೋರು ಬಾಯಿ ಕಟ್ಟಿದ್ರೇನೆ ಔಷಧಿ ನಾಟೋದಂತೆ. ಹಾಲಿನ ಟೀ ಇಲ್ಲ, ಚಪಾತಿ ಇಲ್ಲ. ಅವತ್ತು ಒಬ್ಬಟ್ಟು ನಾನು ಫಸ್ಟ್ ತಿಂದು ಆಮೇಲೆ ಅಜ್ಜಿ ತಿನ್ನೋದು ಅಂತ ಇತ್ತು. ಅಷ್ಟರಲ್ಲಿ ನೀನು ಬಂದ್ಬಿಟ್ಟೆ."

"ಆಮೇಲೆ ತಿನ್ನಲಿಲ್ವಾ?"

"ಹಸೂಗೆ ಹಾಕಿದ್ರು."

ನಾನು ದೋಸೆಯ ತಟ್ಟೆ ಕೆಳಗಿಟ್ಟೆ. ಡೈರಿಗೆ ಹಾಕುವ ಆಸೆ ಎಂದು ಆಡಿಕೊಂಡದ್ದು ಇದನ್ನೇ. ಕಾಯಿಲೆ ನನ್ನ ಮಗಳದು, ಬನ್ನು ತಿಂದವಳು ನಾನು, ಬಾಯಿ ಕಟ್ಟಿದವರು ಅವರು.

ಹಿತ್ತಿಲಿಗೆ ಹೋದೆ. ಅತ್ತೆ ಬಚ್ಚಲೊಲೆಯ ಮುಂದೆ ಕುಳಿತು ಕರಿ ಟೀ ಕುಡಿಯುತ್ತಿದ್ದರು. ಹೇಗೆ ಶುರು ಮಾಡುವುದು ಎಂದು ತಿಳಿಯದೆ, ನಿಂತೇ ಹೇಳಿಬಿಟ್ಟೆ.

"ಅತ್ತೆ, ಅವತ್ತು ನಾನೇ ಹೇಳಿದ್ದು. ಒಂದೂವರೆ ತಿಂಗಳು ಅಂತ, ಮಂಡಲ ಅಂದಿದ್ದಕ್ಕೆ ಹೂಂ ಅಂತ. ನಂಗೆ ನೆನಪಿತ್ತು. ಅವರ ಎದುರಿಗೆ ಸುಳ್ಳು ಹೇಳಿದೆ."

"ಗೊತ್ತು ಕಣವ್ವ."

"ನೀವು ಯಾಕೆ ಸುಮ್ಮನಾದ್ರಿ ಮತ್ತೆ?"

"ಬಂದೋರ್ ಮುಂದೆ ನಿನ್ ಮುಖ ಎಲ್ಲಿಗೋಗ್ಬೇಕಿತ್ತು?" ಎಂದು ಲೋಟ ಕೆಳಗಿಟ್ಟರು. "ಕುಂತ್ಕೊ. ಈಗಾದ್ರೂ ಸರ್ಯಾಗಿ ಯೋಳು. ಮಗೀಗೆ ಏನಾಗ್ಯದೆ?"

ಕುಳಿತೆ. ಬಸ್ಸಿನಲ್ಲಿ ಬಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಗೋಧಿಯ ವಿಷಯ, ಕರುಳಿನ ವಿಷಯ, ಹಾಲು ನಿಧಾನಕ್ಕೆ ಮತ್ತೆ ಕೊಡಬಹುದು ಎಂದು ಹಿಂದಿನ ದಿನ ಡಾಕ್ಟರು ಹೇಳಿದ್ದು. ಒಂದೊಂದನ್ನೂ ಅವರು ಎರಡೆರಡು ಸಲ ಕೇಳಿ ಮನನ ಮಾಡಿಕೊಂಡರು. ಅರ್ಥವಾಗದ್ದು ಒಂದೂ ಇರಲಿಲ್ಲ.

"ಗೋದಿ ಯಾವತ್ತಿಗೂ ಇಲ್ವಾ?"

"ಇಲ್ಲ ಅತ್ತೆ."

"ಜೀವ ಇರೋಗಂಟ?"

"ಹೂಂ."

ಅತ್ತೆ ಬೆಂಕಿಯನ್ನು ಒಳಕ್ಕೆ ನೂಕಿದರು. "ಅಂಗಾದ್ರೆ ಅದ್ನ ಪಥ್ಯ ಅಂತ ಯಾಕಂದೆ ಮಗ? ಜೀವ ಇರೋಗಂಟ ತಿನ್ನೋದ್ನ ಯಾರಾರ ಪಥ್ಯ ಅಂತಾರಾ? ಅದು ಊಟ. ಅವ್ಳ ಊಟ ಇದು ಅಂತ ಒಂದ್ ಮಾತು ಅಂದಿದ್ರೆ ಆಗೋಗದು. ನಾನ್ಯಾಕೆ ದಿನ ಎಣಿಸ್ತಿದ್ದೆ?"

ಅರ್ಧ ಅಂಕ ಅಲ್ಲ, ಪೂರ್ತಿ ಅಂಕ ಕಳೆದ ಹಾಗಾಯಿತು. ಅಳು ಬಂತು, ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಬೇಡ ಅನ್ನಲೂ ಇಲ್ಲ. ಟೀ ಮುಗಿಸಿ ಎದ್ದು, ಸೆರಗು ಸಿಕ್ಕಿಸಿಕೊಂಡು, "ಆ ದ್ವಾಸೆ ಯಾರ್ ತಿಂತಾರೆ, ನಾಯಿಗಾಕು" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬೀಸೋಕಲ್ಲಿನ ಸದ್ದು ಕೇಳಿತು.

ಅದಾಗಿ ಒಂದು ವರ್ಷ ಕಳೆದಿದೆ. ಮಗಳಿಗೆ ಈಗ ಏಳು ತುಂಬಿದೆ, ಸ್ಕರ್ಟು ಎರಡು ಸಲ ಬದಲಾಯಿತು. ಹಾಲು ಒಗ್ಗಿತು. ಅವಳು ಅರ್ಧ ಲೋಟ ಹಾಲು ಕುಡಿದು ಎರಡು ದಿನ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅತ್ತೆ ತಮ್ಮ ಟೀಗೆ ಹಾಲು ಹುಯ್ದುಕೊಂಡದ್ದು. ಗೋಧಿಯನ್ನು ಮಾತ್ರ ಅವರು ಮತ್ತೆ ಮುಟ್ಟಿಲ್ಲ. ಕೇಳಿದರೆ, ಅವಳದೇ ನಂದೂ ಊಟ ಎನ್ನುತ್ತಾರೆ. ನಾನೂ ಬನ್ನು ಬಿಟ್ಟಿದ್ದೇನೆ. ಇದನ್ನು ಹೇಳಿಕೊಳ್ಳುವಂಥದ್ದೇನೂ ಇಲ್ಲ, ವಾರಕ್ಕೊಮ್ಮೆ ಆಸೆಯಾಗುತ್ತದೆ.

ಮೊನ್ನೆ ಮತ್ತೆ ಅವರೆಯ ಕಾಲ ಬಂತು. ಒಂದು ಭಾನುವಾರ ಬೆಳಗ್ಗೆ ಗಣಿತದ ಮೇಡಂ ಮತ್ತು ಹಿಂದಿ ಮೇಡಂ ತಿಂಡಿಗೆ ಬಂದರು. ಈ ಸಲ ಅತ್ತೆಗೆ ಮೊದಲೇ ಹೇಳಿದ್ದೆ, ಕರೆದದ್ದೂ ಅವರೇ. ನಾವು ಮೂವರೂ ಮಗಳೂ ಸಾಲಾಗಿ ಕುಳಿತಿದ್ದೆವು. ಅತ್ತೆ ಹಿತುಕಿದ ಬೇಳೆಯ ರೊಟ್ಟಿ ತಟ್ಟಿ ತಟ್ಟಿ ಹಾಕುತ್ತಿದ್ದರು. ರೊಟ್ಟಿ ಮುರಿಯುತ್ತಾ ಹಿಂದಿ ಮೇಡಂ ಸಲಿಗೆಯಿಂದಲೇ ಕೇಳಿದರು.

"ಈಗ ಹುಷಾರಾಗಿದ್ದೀರಾ ತಾನೇ ಅಮ್ಮ? ಆವತ್ತಿನ ಥರ ಮಗುವಿಗೆ ಒಬ್ಬಟ್ಟು ಗಿಬ್ಬಟ್ಟು ಕೊಡಲ್ವಲ್ಲ?"

ಅತ್ತೆ ನಗುತ್ತಾ, "ಇಲ್ಲ ಕಣವ್ವ, ಈಗ ಗೊತ್ತಾಗ್ಯದೆ" ಎಂದರು.

ಒಂದು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗಲೆಲ್ಲ ನಾನು ನಕ್ಕು ಸುಮ್ಮನಾಗಿದ್ದೆ. ಅವತ್ತು ಅವರ ರೊಟ್ಟಿ ನನ್ನ ಬಾಯಲ್ಲಿತ್ತು. ನುಂಗಿ ಹೇಳಿದೆ. "ಅದು ಅವರ ತಪ್ಪಲ್ಲ ಮೇಡಂ. ಒಂದು ಮಂಡಲ ಅಂತ ನಾನೇ ಹೇಳಿದ್ದೆ. ಅವತ್ತು ನಿಮ್ಮ ಎದುರಿಗೆ ಹೇಳಿಲ್ಲ ಅಂದಿದ್ದು ಸುಳ್ಳು."

ಇಬ್ಬರೂ ನನ್ನ ಮುಖ ನೋಡಿದರು. ಆಮೇಲೆ ಹಿಂದಿ ಮೇಡಂ ಅತ್ತೆಯ ಕಡೆ ತಿರುಗಿದರು. ಅವರ ಕಣ್ಣು ತೇವವಾಗಿತ್ತು.

"ನೋಡಿದ್ರಾ ಅಮ್ಮ, ಎಂಥ ಸೊಸೆ ನಿಮಗೆ. ನಿಮ್ಮ ತಪ್ಪನ್ನೂ ತನ್ನ ಮೇಲೆ ಹಾಕಿಕೊಳ್ತಾರೆ. ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಇಂಥವರು?"

"ಊಂ ಕಣವ್ವ," ಎಂದರು ಅತ್ತೆ. "ನಂದು ಪುಣ್ಯ." ಅವರ ದನಿಯಲ್ಲಿ ಕುಹಕ ಇತ್ತೇ ಎಂದು ಹುಡುಕಿದೆ. ಇರಲಿಲ್ಲ.

ಇಲ್ಲ, ಹಾಗಲ್ಲ, ನಾನು ಹೇಳಿದ್ದು ನಿಜ ಎಂದು ನಾನು ಇನ್ನೊಮ್ಮೆ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಗಣಿತದ ಮೇಡಂ ಆಗಲೇ ನನ್ನ ಬೆನ್ನು ಸವರುತ್ತಿದ್ದರು, ಆ ಹೊಗಳಿಕೆ ಕಿವಿಗೆ ಬಿದ್ದಾಗ ಒಂದು ಗಳಿಗೆ ನನಗೆ ಹಿತವಾಯಿತು. ಅವತ್ತು ಹೇಳಿದ ಸುಳ್ಳಿಗಿಂತ, ಈ ಹಿತಕ್ಕೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಅತ್ತೆ ಕಾವಲಿಯಿಂದ ಇನ್ನೊಂದು ರೊಟ್ಟಿ ತೆಗೆದು, ಯಾರಿಗೆ ಎಂದು ಕೇಳದೆ, ನನ್ನ ತಟ್ಟೆಗೆ ಹಾಕಿದರು.